ನಾಲೆಯ ನಕ್ಷೆ ಕೊಡದೆ ನಕ್ಷೆಯ ವಿಜ್ಞಾನ ಕಲಿಸುವುದು ಹೇಗೆ? ಉನ್ನತ ಶಿಕ್ಷಣ ಸಚಿವರಿಗೆ ಮಂಡ್ಯದಿಂದ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಉನ್ನತ ಶಿಕ್ಷಣ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ಪ್ರತಿ: ಮೈಸೂರು–ಮಂಡ್ಯ ಭಾಗದ ವಿಶ್ವವಿದ್ಯಾನಿಲಯಗಳ ಮಾನ್ಯ ಕುಲಪತಿಗಳಿಗೆ

ವಿಷಯ: ಭೌಗೋಳಿಕ ಮಾಹಿತಿ ವಿಜ್ಞಾನದ ಸ್ನಾತಕೋತ್ತರ ಅಧ್ಯಯನದಲ್ಲಿ ನಮ್ಮ ಭಾಗದ ವಿದ್ಯಾರ್ಥಿಗಳು ಎದುರಿಸುತ್ತಿರುವ ತೊಂದರೆಗಳ ಬಗ್ಗೆ

ಮಾನ್ಯರೇ,

ಮಂಡ್ಯ ಜಿಲ್ಲೆಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಭೂಗೋಳಶಾಸ್ತ್ರದ ಅತಿಥಿ ಉಪನ್ಯಾಸಕನಾಗಿರುವ ನಾನು ಈ ಪತ್ರವನ್ನು ನನ್ನ ಗೌರವಧನಕ್ಕಾಗಲಿ ಸೇವಾ ಭದ್ರತೆಗಾಗಲಿ ಬರೆಯುತ್ತಿಲ್ಲ. ಆ ವಿಷಯದಲ್ಲಿ ತಮ್ಮ ಕಚೇರಿಗೆ ಈಗಾಗಲೇ ಬಂದಿರುವ ಮನವಿಗಳೇ ಸಾಕಷ್ಟಿವೆ. ನಾನು ಹೇಳಬೇಕಾಗಿರುವುದು ನಮ್ಮ ಕಾಲೇಜಿನಿಂದ ಪದವಿ ಮುಗಿಸಿ, ಸಾಮಾನ್ಯವಾಗಿ ಎಲ್ಲರೂ ಜಿಐಎಸ್ ಎಂದು ಕರೆಯುವ ಭೌಗೋಳಿಕ ಮಾಹಿತಿ ವಿಜ್ಞಾನದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡಬೇಕೆಂದು ಮೈಸೂರಿನ ಬಸ್ಸು ಹತ್ತುವ ಮಕ್ಕಳ ಪಾಡನ್ನು. ಅವರು ಪ್ರವೇಶಕ್ಕೆ ಅಲೆಯುವುದನ್ನು, ಸೇರಿದ ಮೇಲೆ ಕಲಿಯುವುದನ್ನು, ಕಲಿತು ಹೊರಬಂದ ಮೇಲೆ ಕೆಲಸಕ್ಕೆ ಅರ್ಜಿ ಹಾಕಿ ಕಾಯುವುದನ್ನು ಹತ್ತಿರದಿಂದ ನೋಡಿದ್ದೇನೆ. ಹಿಂದೆ ನಾನೂ ಅದೇ ದಾರಿಯಲ್ಲಿ ಹೋಗಿ ಬಂದವನು. ಯಾವ ವಿಶ್ವವಿದ್ಯಾನಿಲಯದ, ಯಾವ ಕಚೇರಿಯ ಹೆಸರನ್ನೂ ಇಲ್ಲಿ ಹೇಳುವುದಿಲ್ಲ. ಒಬ್ಬ ಮುಖ್ಯಸ್ಥರ ವರ್ಗಾವಣೆಯಿಂದ ಸರಿಹೋಗುವ ವಿಷಯ ಇದಾಗಿದ್ದರೆ ತಮಗೆ ಬರೆಯುವ ಅಗತ್ಯವೇ ಇರಲಿಲ್ಲ.

ಈ ವಿದ್ಯೆ ನಮ್ಮ ಸೀಮೆಗೆ ಹೊರಗಿನದೂ ಅಲ್ಲ, ಹೊಸದೂ ಅಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಕಂಪನಿ ಸರ್ಕಾರದ ವಶವಾದ ಬೆನ್ನಿಗೇ ಕಂಪನಿಯ ಸೇನಾಧಿಕಾರಿ ಕಾಲಿನ್ ಮೆಕೆಂಝಿ ಮೈಸೂರು ಸೀಮೆಯ ಸರ್ವೆ ಕೈಗೊಂಡರು. ಅದೇ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನ ಬಳಿ ಆಧಾರರೇಖೆಯನ್ನು ಅಳೆದು ನೆಲವನ್ನು ತ್ರಿಕೋನಗಳ ಜಾಲವಾಗಿ ಅಳೆಯುವ ಮಹಾ ತ್ರಿಕೋನಮಿತಿ ಸರ್ವೆಯನ್ನು ಆರಂಭಿಸಿದರು. ಅಂದು ನಮ್ಮ ನೆಲವನ್ನು ಅಳೆದವರು ಕಂದಾಯಕ್ಕಾಗಿಯೂ ಸೈನ್ಯಕ್ಕಾಗಿಯೂ ಅಳೆದರು, ಅಳತೆಯ ಪುಸ್ತಕಗಳನ್ನು ತಮ್ಮ ಬಳಿಯೇ ಇಟ್ಟುಕೊಂಡರು. ಕಂಪ್ಯೂಟರಿನಲ್ಲಿ ನಕ್ಷೆ ಇಟ್ಟು ವಿಶ್ಲೇಷಿಸುವ ಈಗಿನ ಜಿಐಎಸ್ ಕೂಡ ಹುಟ್ಟಿದ್ದು ಒಂದು ಸರ್ಕಾರದ ಅಗತ್ಯದಿಂದಲೇ. 1960ರ ದಶಕದಲ್ಲಿ ಕೆನಡಾ ದೇಶ ತನ್ನ ಜಮೀನಿನ ಗುಣ, ಬಳಕೆಗಳ ಲೆಕ್ಕ ಹಾಕಲು ಹೊರಟಾಗ ರೋಜರ್ ಟಾಮ್ಲಿನ್ಸನ್ ಅವರ ನೇತೃತ್ವದಲ್ಲಿ ರೂಪುಗೊಂಡ ವ್ಯವಸ್ಥೆಯೇ ಇದರ ಮೊದಲ ರೂಪ. ಸರ್ಕಾರದ ಕಡತದಲ್ಲಿರುವ ನೆಲದ ಮಾಹಿತಿ ಒಂದು ಕಡೆಯೂ ಅದನ್ನು ಕಲಿಯುವ ವಿದ್ಯಾರ್ಥಿ ಇನ್ನೊಂದು ಕಡೆಯೂ ಉಳಿದರೆ ಈ ವಿಷಯದಲ್ಲಿ ಕಲಿಯುವುದಕ್ಕೆ ಹೆಚ್ಚೇನೂ ಇರುವುದಿಲ್ಲ. ನಮ್ಮಲ್ಲಿ ಈಗ ಆಗಿರುವುದು ಅದೇ, ಮತ್ತು ನನ್ನ ದೂರಿನ ತಿರುಳೂ ಅದೇ.

ಮೊದಲು ಪ್ರವೇಶದ ಮಾತು. ನಮ್ಮ ಭಾಗದ ಗ್ರಾಮಾಂತರ ಕಾಲೇಜುಗಳಲ್ಲಿ ಭೂಗೋಳಶಾಸ್ತ್ರ ಓದುವ ಬಹುಪಾಲು ಮಕ್ಕಳು ಬಿ.ಎ. ವಿದ್ಯಾರ್ಥಿಗಳು. ನಕ್ಷಾ ಪ್ರಕ್ಷೇಪ, ಸ್ಥಳವಿವರಣಾ ನಕ್ಷೆಯ ಓದು, ಸಮತಲ ಮೇಜಿನ ಸರ್ವೆ, ವೈಮಾನಿಕ ಚಿತ್ರಗಳ ವ್ಯಾಖ್ಯಾನ ಇವೆಲ್ಲ ಅವರ ಪ್ರಾಯೋಗಿಕ ತರಗತಿಯಲ್ಲಿಯೇ ಇವೆ. ಆದರೆ ಜಿಐಎಸ್ ಸ್ನಾತಕೋತ್ತರ ಕೋರ್ಸಿನ ಅಧಿಸೂಚನೆ ಬಂದಾಗ ಅರ್ಹತೆಯ ಕಾಲಮಿನಲ್ಲಿ ವಿಜ್ಞಾನ ಅಥವಾ ಎಂಜಿನಿಯರಿಂಗ್ ಪದವಿ ಎಂದು ಬರೆದಿರುವುದನ್ನು ಕಂಡು ಹಿಂದಿರುಗಿದವರನ್ನು ನಾನು ಬಲ್ಲೆ. ನಕ್ಷೆಯನ್ನೇ ಕಾಣದ ಪದವೀಧರನಿಗೆ ಬಾಗಿಲು ತೆರೆದಿದ್ದು, ಮೂರು ವರ್ಷ ಭೂಗೋಳವನ್ನೇ ಓದಿದವನಿಗೆ ಅದು ಮುಚ್ಚಿದ್ದರೆ ಅದನ್ನು ಸಮರ್ಥಿಸುವುದು ಕಷ್ಟ. ಹಾಗೆಂದು ಗಣಿತ ಬೇಡವೆಂದು ನಾನು ವಾದಿಸುವುದಿಲ್ಲ. ಸಂಖ್ಯಾಶಾಸ್ತ್ರ, ಮ್ಯಾಟ್ರಿಕ್ಸ್, ಸ್ವಲ್ಪ ಪ್ರೋಗ್ರಾಮಿಂಗ್ ಇಲ್ಲದೆ ಈ ವಿಷಯದಲ್ಲಿ ಮುಂದೆ ಹೋಗಲಾಗದು. ನಮ್ಮ ಮಕ್ಕಳಲ್ಲಿ ಹಲವರು ಗಣಿತವನ್ನು ಎಸ್ಸೆಸ್ಸೆಲ್ಸಿಗೇ ಕೈಬಿಟ್ಟಿರುತ್ತಾರೆ ಎಂಬುದೂ ನಿಜ. ಅದಕ್ಕೆ ಪರಿಹಾರ ಪ್ರವೇಶಕ್ಕೆ ಮುನ್ನ ಒಂದು ಬೇಸಿಗೆಯ ಸೇತುಬಂಧ ತರಗತಿ. ಜೊತೆಗೆ, 2021-22ರಲ್ಲಿ ನಾಲ್ಕು ವರ್ಷದ ಪದವಿಯನ್ನು ತಂದು 2024-25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಿದ ನಮ್ಮ ರಾಜ್ಯದಲ್ಲಿ, ನಡುವಿನ ತಂಡಗಳ ವಿದ್ಯಾರ್ಥಿಗಳು ಯಾವ ಸ್ನಾತಕೋತ್ತರ ಕೋರ್ಸಿಗೆ ಯಾವ ವರ್ಷಕ್ಕೆ ಸೇರಬಹುದೆಂಬ ಬಗ್ಗೆ ಒಂದೊಂದು ಕಡೆ ಒಂದೊಂದು ಉತ್ತರ ಪಡೆದು ಗೊಂದಲಕ್ಕೆ ಬಿದ್ದಿದ್ದಾರೆ. ಒಂದು ಸುತ್ತೋಲೆ ಹೊರಡಿಸಿದರೆ ಮುಗಿಯುವ ಕೆಲಸವಿದು.

ಪ್ರಯೋಗಾಲಯದ ಸ್ಥಿತಿಯನ್ನು ಚುಟುಕಾಗಿ ಹೇಳುತ್ತೇನೆ. ದುಬಾರಿ ಬೆಲೆಯ ಖಾಸಗಿ ತಂತ್ರಾಂಶವೊಂದನ್ನು ಕೆಲವೇ ಪರವಾನಗಿಗಳೊಂದಿಗೆ ಕೊಂಡು, ಅವಧಿ ಮುಗಿದ ಮೇಲೆ ನವೀಕರಣಕ್ಕೆ ಹಣವಿಲ್ಲದೆ, ಒಂದು ಕಂಪ್ಯೂಟರಿನ ಮುಂದೆ ಹಲವರು ನಿಂತು ನೋಡುವ ಪ್ರಾಯೋಗಿಕ ತರಗತಿಗಳು ನಡೆಯುತ್ತವೆ. ಪರೀಕ್ಷೆಯಲ್ಲಿ ಆ ತಂತ್ರಾಂಶದ ಯಾವ ಮೆನುವಿನಲ್ಲಿ ಯಾವ ಆಯ್ಕೆ ಒತ್ತಬೇಕೆಂದು ಕೇಳಲಾಗುತ್ತದೆ. ಕ್ಯೂಜಿಐಎಸ್ ಎಂಬ ಮುಕ್ತ ತಂತ್ರಾಂಶ 2002ರಿಂದ ಬೆಳೆಯುತ್ತ ಬಂದಿದೆ. ಅದಕ್ಕೆ ಒಂದು ರೂಪಾಯಿಯೂ ಬೇಡ, ಮನೆಯಲ್ಲಿರುವ ಹಳೆಯ ಲ್ಯಾಪ್‌ಟಾಪಿನಲ್ಲಿಯೂ ಓಡುತ್ತದೆ. ದತ್ತಾಂಶ ಸಂಗ್ರಹಕ್ಕೆ ಪೋಸ್ಟ್‌ಜಿಐಎಸ್ ಇದೆ, ವಿಶ್ಲೇಷಣೆಗೆ ಗ್ರಾಸ್ ಇದೆ, ಎರಡೂ ಉಚಿತ. ಇವುಗಳನ್ನು ಪಠ್ಯಕ್ರಮದ ಕೇಂದ್ರಕ್ಕೆ ತಂದರೆ ಪ್ರಯೋಗಾಲಯದ ಕೊರತೆಯಲ್ಲಿ ಅರ್ಧ ನೀಗುತ್ತದೆ. ಉಳಿದರ್ಧಕ್ಕೆ ಕಂಪ್ಯೂಟರುಗಳೂ ಎಡೆಬಿಡದ ವಿದ್ಯುತ್ತೂ ಬೇಕು, ಅದನ್ನು ತಾವು ಬಲ್ಲಿರಿ.

ಇನ್ನು ನಾನು ಈ ಪತ್ರ ಬರೆಯಲು ಕಾರಣವಾದ ದತ್ತಾಂಶದ ವಿಷಯಕ್ಕೆ ಬರುತ್ತೇನೆ.

ನಮ್ಮ ಜಿಲ್ಲೆಯಲ್ಲಿ ಜಮೀನಿನ ಮಾತೆಲ್ಲ ಗುಂಟೆಯ ಲೆಕ್ಕದಲ್ಲಿ ನಡೆಯುತ್ತದೆ. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. ಮೀಟರಿಗೆ ತಿರುಗಿಸಿದರೆ ಸುಮಾರು 101 ಚದರ ಮೀಟರ್. 2015ರಿಂದ ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು ಜಗತ್ತಿಗೆ ಉಚಿತವಾಗಿ ಒದಗಿಸುತ್ತಿರುವ ಚಿತ್ರಗಳಲ್ಲಿ ಅತ್ಯಂತ ಸಣ್ಣ ಪಿಕ್ಸೆಲ್ 10 ಮೀಟರ್ ಉದ್ದ, 10 ಮೀಟರ್ ಅಗಲದ್ದು. ಅಂದರೆ ಹೆಚ್ಚುಕಡಿಮೆ ಪಿಕ್ಸೆಲ್ಲಿಗೊಂದು ಗುಂಟೆ. ಈ ಹೊಂದಿಕೆ ಆಕಸ್ಮಿಕವೇ ಇರಬಹುದು, ಆದರೆ ಮಂಡ್ಯದ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠ ಸಿಗದು. ಇಪ್ಪತ್ತು ಗುಂಟೆಯ ಕಬ್ಬಿನ ಗದ್ದೆ ಆ ಚಿತ್ರದಲ್ಲಿ ಇಪ್ಪತ್ತೇ ಪಿಕ್ಸೆಲ್ಲು. ಅದರಲ್ಲೂ ಅಂಚಿನವು ಪಕ್ಕದ ಭತ್ತ, ಬದುವಿನ ತೆಂಗು, ಕಾಲುವೆಯ ನೀರು ಎಲ್ಲವನ್ನೂ ಬೆರೆಸಿಕೊಂಡಿರುತ್ತವೆ. ನಾಟಿಯ ಕಾಲದಲ್ಲಿ ಭತ್ತದ ಗದ್ದೆಯಲ್ಲಿ ನೀರು ನಿಂತಿರುತ್ತದೆ. ಮುಂಗಾರಿನ ಮೋಡ ಮುಸುಕಿದರೆ ಸೆಂಟಿನೆಲ್-2ಕ್ಕೆ ಏನೂ ಕಾಣದು, ಆದರೆ ಮೋಡದ ಮೂಲಕವೂ ನೋಡಬಲ್ಲ ಸೆಂಟಿನೆಲ್-1ರ ರೇಡಾರಿಗೆ ನಿಂತ ನೀರು ಕಪ್ಪಾಗಿ ಕಾಣುತ್ತದೆ. ಕಬ್ಬು ಹಾಗಲ್ಲ, ವರ್ಷದ ಸುತ್ತ ನಿಂತಿರುತ್ತದೆ, ಕಡಿದ ಮೇಲೆ ಕೂಳೆ ಮತ್ತೆ ಚಿಗುರುತ್ತದೆ. ಇಂಥ ವ್ಯತ್ಯಾಸಗಳನ್ನು ಕಾಲಕ್ರಮದಲ್ಲಿ ಹಿಂಬಾಲಿಸಿ, ಯಾವುದು ಖಚಿತ ಯಾವುದು ಅನುಮಾನ ಎಂದು ಲೆಕ್ಕ ಹಾಕುವುದರಲ್ಲಿ ಈ ವಿಜ್ಞಾನವಿದೆ. 1992ರಲ್ಲಿ ಭೂಗೋಳತಜ್ಞ ಮೈಕೆಲ್ ಗುಡ್‌ಚೈಲ್ಡ್ ಇದನ್ನು ಸ್ವತಂತ್ರ ವಿಜ್ಞಾನವಾಗಿ ಮಂಡಿಸಿದಾಗ ಮುಂದಿಟ್ಟದ್ದೂ ಇಂಥ ಪ್ರಶ್ನೆಗಳನ್ನೇ: ನಕ್ಷೆಯೊಳಗಿನ ದೋಷವನ್ನು ಹೇಗೆ ಅಳೆಯುವುದು, ನೆಲದ ಸಂಕೀರ್ಣತೆಯನ್ನು ದತ್ತಾಂಶವಾಗಿ ಹೇಗೆ ಹಿಡಿದಿಡುವುದು.

ಮದ್ದೂರು ತಾಲ್ಲೂಕಿನ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸ್ನಾತಕೋತ್ತರ ಪ್ರಬಂಧಕ್ಕೆ ಇಂಥದೊಂದು ಪ್ರಶ್ನೆಯನ್ನೇ ಆರಿಸಿಕೊಂಡಿದ್ದಳು. ವಿಶ್ವೇಶ್ವರಯ್ಯ ನಾಲೆಗೆ (ವಿ.ಸಿ. ನಾಲೆ) ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುತ್ತ, ನೀರು ಬಿಟ್ಟ ಮೇಲೆ ಮೊದಲ ಭಾಗದ ಗದ್ದೆಗಳಲ್ಲಿ ನಾಟಿ ಯಾವಾಗ ಆಗುತ್ತದೆ, ಕೊನೆಭಾಗದಲ್ಲಿ ಯಾವಾಗ, ಎರಡರ ನಡುವೆ ಎಷ್ಟು ದಿನದ ಅಂತರ ಎಂಬುದನ್ನು ಉಪಗ್ರಹ ಚಿತ್ರಗಳಿಂದ ಉಪನಾಲೆವಾರು ಕಂಡುಕೊಳ್ಳಬೇಕೆಂಬುದು ಅವಳ ಉದ್ದೇಶ. ಕೊನೆಭಾಗಕ್ಕೆ ನೀರು ತಲುಪುವುದಿಲ್ಲ ಎಂದು ಮದ್ದೂರು, ಮಳವಳ್ಳಿಯ ರೈತರು ರಸ್ತೆಗೆ ಇಳಿಯುವುದನ್ನು ನೋಡುತ್ತ ಬೆಳೆದವಳು ಅವಳು. ಉಪಗ್ರಹ ಚಿತ್ರಗಳು ಒಂದು ಸಂಜೆಯಲ್ಲಿ ಇಳಿದು ಬಂದವು. ಬಾರದೆ ಉಳಿದದ್ದು ನಮ್ಮದೇ ಜಿಲ್ಲೆಯ ಉಪನಾಲೆ, ಹಂಚುಗಾಲುವೆ, ತೂಬುಗಳ ನಕ್ಷೆ ಮತ್ತು ಅಚ್ಚುಕಟ್ಟಿನ ಸರ್ವೆ ನಂಬರುಗಳ ಗಡಿ. ಸಂಬಂಧಿಸಿದ ಕಚೇರಿಯೊಂದರಲ್ಲಿ ಮೊದಲು ವಿಭಾಗದ ಪತ್ರ ತರಲು ಹೇಳಿದರು. ತಂದ ಮೇಲೆ ಕುಲಸಚಿವರ ಪತ್ರ ಬೇಕೆಂದರು. ಅದನ್ನೂ ತಂದ ಮೇಲೆ ಭದ್ರತೆಯ ಕಾರಣ ಹೇಳಿದರು. ಅಣೆಕಟ್ಟೆಯ ವಿಷಯದಲ್ಲಿ ಭದ್ರತೆಯನ್ನು ನಾನೂ ಒಪ್ಪುತ್ತೇನೆ. ಆದರೆ ಏರಿಯ ಮೇಲೆ ಹಗಲಿರುಳು ಕಬ್ಬಿನ ಲಾರಿ ಓಡಾಡುವ, ದನ ಮೈ ತೊಳೆಯುವ ಉಪನಾಲೆಯ ಜಾಡು ಯಾರಿಗೆ ಗುಟ್ಟು? ಕೊನೆಗೆ ಆಕೆ ತನ್ನ ತಾಲ್ಲೂಕಿನ ಭೂಬಳಕೆ ಬದಲಾವಣೆಯ ಬಗ್ಗೆ, ಹಿಂದಿನ ವರ್ಷದವರು ಇನ್ನೊಂದು ತಾಲ್ಲೂಕಿನ ಬಗ್ಗೆ ಬರೆದಂತೆಯೇ, ಪ್ರಬಂಧ ಬರೆದು ಉತ್ತೀರ್ಣಳಾದಳು.

ಇಂಥ ಪ್ರಬಂಧಗಳು ವಿಭಾಗಗಳ ಕಪಾಟುಗಳಲ್ಲಿ ಸಾಲಾಗಿ ನಿಂತಿವೆ. ತಾಲ್ಲೂಕಿನ ಹೆಸರು ಬದಲಾಗುತ್ತದೆ, ಬಣ್ಣದ ನಕ್ಷೆ ಬದಲಾಗುತ್ತದೆ, ಅಧ್ಯಾಯಗಳು ಹಾಗೇ ಇರುತ್ತವೆ. ನಕ್ಷೆ ಶೇಕಡಾ ಇಷ್ಟು ನಿಖರ ಎಂದು ಕೊನೆಯಲ್ಲಿ ಬರೆಯುತ್ತಾರೆ. ಆ ನಿಖರತೆಯನ್ನು ಹೊಲಕ್ಕೆ ಹೋಗಿ ಪರೀಕ್ಷಿಸಿದರೋ, ಕಂಪ್ಯೂಟರಿನಲ್ಲಿ ಮತ್ತೊಂದು ಚಿತ್ರ ನೋಡಿ ಗುರುತು ಹಾಕಿದರೋ ಎಂದು ಮೌಖಿಕ ಪರೀಕ್ಷೆಯಲ್ಲಿ ಕೇಳುವವರು ಅಪರೂಪ. ವಿದ್ಯಾರ್ಥಿಗಳಿಗೆ ಆಸಕ್ತಿ ಇಲ್ಲವೆಂದು ಇದರಿಂದ ತೀರ್ಮಾನಿಸುವುದು ಅನ್ಯಾಯ. 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ವಿ.ಸಿ. ನಾಲೆಗೆ ಉರುಳಿ 30 ಮಂದಿ ಸತ್ತ ಮೇಲೆ, ನಾಲೆಗೆ ಹೊಂದಿಕೊಂಡ ರಸ್ತೆಗಳಲ್ಲಿ ಎಲ್ಲೆಲ್ಲಿ ತಡೆಗೋಡೆ ಇಲ್ಲ, ಎಲ್ಲೆಲ್ಲಿ ತಿರುವು ಅಪಾಯಕಾರಿ ಎಂದು ನಕ್ಷೆ ಮಾಡುವ ಆಲೋಚನೆ ನಮ್ಮ ತರಗತಿಯಲ್ಲಿಯೇ ಬಂದಿತ್ತು. ಕಬ್ಬಿನ ಗದ್ದೆಯಲ್ಲಿ ಮರಿ ಹಾಕುವ ಚಿರತೆಗಳ ಬಗ್ಗೆ, ಮೈಸೂರಿನ ಕೆರೆಗಳಿಗೆ ನೀರು ತರುತ್ತಿದ್ದ ರಾಜಕಾಲುವೆಗಳು ಬಡಾವಣೆಗಳ ಅಡಿಯಲ್ಲಿ ಎಲ್ಲಿ ಕಳೆದುಹೋದವು ಎಂಬ ಬಗ್ಗೆ ಕೇಳುವ ಮಕ್ಕಳಿದ್ದಾರೆ. ಪ್ರಶ್ನೆಗೆ ಕೊರತೆಯಿಲ್ಲ.

ಕಾನೂನು, ನೀತಿಗಳು ಅಡ್ಡಿಯಾಗಿವೆಯೇ ಎಂದು ನೋಡಿದರೆ ಅದೂ ಇಲ್ಲ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2021ರ ಫೆಬ್ರವರಿ 15ರಂದು ಹೊರಡಿಸಿದ ಮಾರ್ಗಸೂಚಿ, ಭಾರತೀಯರು ನಕ್ಷೆ ಹಾಗೂ ಭೂಪ್ರಾದೇಶಿಕ ದತ್ತಾಂಶವನ್ನು ಸಂಗ್ರಹಿಸಲು, ಬಳಸಲು ಮೊದಲಿದ್ದ ಪೂರ್ವಾನುಮತಿಯ ಕಟ್ಟುಪಾಡನ್ನು ತೆಗೆದುಹಾಕಿತು. ಭದ್ರತಾ ಸಂಸ್ಥೆಗಳ ಗೋಪ್ಯ ದತ್ತಾಂಶವನ್ನು ಬಿಟ್ಟು, ಸಾರ್ವಜನಿಕ ಹಣದಿಂದ ತಯಾರಾದುದೆಲ್ಲ ವೈಜ್ಞಾನಿಕ ಮತ್ತು ಅಭಿವೃದ್ಧಿಯ ಉದ್ದೇಶಗಳಿಗೆ ಸುಲಭವಾಗಿ ಸಿಗಬೇಕೆಂದು ಹೇಳಿತು. ಅದಕ್ಕೂ ಮೊದಲು, 2017ರಿಂದಲೇ, ಭಾರತೀಯ ಸರ್ವೇಕ್ಷಣಾ ಇಲಾಖೆ 1:50,000 ಪ್ರಮಾಣದ ಮುಕ್ತ ಸರಣಿಯ ನಕ್ಷೆಗಳನ್ನು ಉಚಿತವಾಗಿ ಇಳಿಸಿಕೊಳ್ಳಲು ಬಿಟ್ಟಿದೆ. 2022ರ ರಾಷ್ಟ್ರೀಯ ಭೂಪ್ರಾದೇಶಿಕ ನೀತಿ ಇನ್ನೂ ಮುಂದೆ ಹೋಗಿ, 2030ರ ಹೊತ್ತಿಗೆ ಊರು, ಪಟ್ಟಣಗಳನ್ನು 5ರಿಂದ 10 ಸೆಂಟಿಮೀಟರ್ ಸೂಕ್ಷ್ಮತೆಯಲ್ಲಿ ನಕ್ಷೆ ಮಾಡಬೇಕೆಂಬ ಗುರಿ ಇಟ್ಟುಕೊಂಡಿದೆ. ನಮ್ಮ ರಾಜ್ಯವೂ ಹಿಂದೆ ಬಿದ್ದಿಲ್ಲ. 2000ದ ಆಸುಪಾಸಿನಲ್ಲಿಯೇ ಭೂಮಿ ಯೋಜನೆಯ ಮೂಲಕ ಪಹಣಿಯನ್ನು ಗಣಕೀಕರಿಸಿದ ರಾಜ್ಯವಿದು. ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರದ ಕೆ-ಜಿಐಎಸ್ ಎಂಬ ನಕ್ಷಾ ವ್ಯವಸ್ಥೆ ಇದೆ, ದಿಶಾಂಕ್ ಆ್ಯಪ್ ತೆರೆದರೆ ನಾವು ನಿಂತ ಜಾಗದ ಸರ್ವೆ ನಂಬರು ಫೋನಿನಲ್ಲಿಯೇ ಕಾಣುತ್ತದೆ. ಕಾಣುತ್ತದೆ, ಅಷ್ಟೇ. ಅದೇ ಗಡಿಗಳನ್ನು ವಿದ್ಯಾರ್ಥಿ ತನ್ನ ವಿಶ್ಲೇಷಣೆಗೆ ಪದರವಾಗಿ ತೆಗೆದುಕೊಳ್ಳಲಾರ. ಮಾಲೀಕರ ಹೆಸರು, ಸಾಲದ ವಿವರ ಯಾರಿಗೂ ಬೇಕಾಗಿಲ್ಲ. ಗಡಿಯೂ ನಂಬರೂ ಸಿಕ್ಕರೆ ಸಾಕು. ಮದುವೆ ಮನೆಯಲ್ಲಿ ಎಲೆ ಹಾಕಿ, ಬಡಿಸದೆ ಎಬ್ಬಿಸಿದ ಹಾಗಾಗಿದೆ ನಮ್ಮ ಮಕ್ಕಳ ಸ್ಥಿತಿ.

ಈ ಗಡಿಗಳನ್ನು ಕೊಟ್ಟರೆ ಸರ್ಕಾರಕ್ಕೂ ಲಾಭವಿದೆ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಹಳೆಯ ಗ್ರಾಮ ನಕ್ಷೆಗಳು ಚೈನು ಹಿಡಿದು ಅಳೆದು ಕಾಗದದ ಮೇಲೆ ಬರೆದವು. ಅವನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸುವಾಗ ಬದು ಒಂದು ಕಡೆ, ಗೆರೆ ಇನ್ನೊಂದು ಕಡೆ ಹೋಗುವುದು ಸಾಮಾನ್ಯ. ಹಳೆಯ ಸ್ಥಳವಿವರಣಾ ನಕ್ಷೆಗಳು ಭೂಮಿಯ ಆಕಾರವನ್ನು ಲೆಕ್ಕ ಹಾಕುವ ಎವರೆಸ್ಟ್ ಗೋಳಾಭವೆಂಬ ಹಳೆಯ ಮಾದರಿಯನ್ನು ಆಧರಿಸಿದವು, ಈಗಿನ ಜಿಪಿಎಸ್ ಡಬ್ಲ್ಯುಜಿಎಸ್ 84 ಎಂಬ ಬೇರೆ ಮಾದರಿಯನ್ನು ಆಧರಿಸಿದ್ದು. ಸರಿಯಾಗಿ ಪರಿವರ್ತಿಸದೆ ಒಂದರ ಮೇಲೊಂದು ಇಟ್ಟರೆ ಊರಿಗೆ ಊರೇ ನೂರಾರು ಅಡಿ ಪಕ್ಕಕ್ಕೆ ಸರಿಯುತ್ತದೆ. ಪೋಡಿ, ಹದ್ದುಬಸ್ತಿನ ಅರ್ಜಿಗಳು ತಾಲ್ಲೂಕು ಕಚೇರಿಗಳಲ್ಲಿ ಗುಡ್ಡೆ ಬಿದ್ದಿರುವ ಈ ಕಾಲದಲ್ಲಿ, ಇಂಥ ದೋಷ ಎಲ್ಲಿದೆ, ಎಷ್ಟಿದೆ ಎಂದು ಹೋಬಳಿವಾರು ಪರಿಶೀಲಿಸಿ ವರದಿ ಕೊಡಬಲ್ಲ ವಿದ್ಯಾರ್ಥಿಗಳು ನಮ್ಮ ವಿಭಾಗಗಳಲ್ಲಿಯೇ ಇದ್ದಾರೆ.

ಕಲಿತ ಮೇಲಿನ ಕಥೆ ಇನ್ನೂ ಬೇಸರದ್ದು. ಒಂದು ವಿಶ್ವವಿದ್ಯಾನಿಲಯ ಈ ಪದವಿಗೆ ಭೂಮಾಹಿತಿ ವಿಜ್ಞಾನ ಎನ್ನುತ್ತದೆ, ಇನ್ನೊಂದು ಜಿಯೋಇನ್ಫರ್ಮ್ಯಾಟಿಕ್ಸ್ ಎನ್ನುತ್ತದೆ, ಮತ್ತೊಂದು ದೂರಸಂವೇದಿ ಮತ್ತು ಜಿಐಎಸ್ ಎನ್ನುತ್ತದೆ. ಪಠ್ಯ ಬಹುತೇಕ ಒಂದೇ. ಆದರೆ ನೇಮಕಾತಿ ಅಧಿಸೂಚನೆಯಲ್ಲಿ ಭೂಗೋಳಶಾಸ್ತ್ರದ ಸ್ನಾತಕೋತ್ತರ ಪದವಿ ಎಂದಿದ್ದು, ಪ್ರಮಾಣಪತ್ರದಲ್ಲಿ ಇವುಗಳಲ್ಲೊಂದು ಹೆಸರಿದ್ದರೆ, ದಾಖಲೆ ಪರಿಶೀಲನೆಯ ದಿನ ಅಭ್ಯರ್ಥಿಯನ್ನು ಪಕ್ಕಕ್ಕೆ ನಿಲ್ಲಿಸುತ್ತಾರೆ. ನನ್ನ ಸಹಪಾಠಿಯೊಬ್ಬರು ಲಿಖಿತ ಪರೀಕ್ಷೆಯಲ್ಲಿ ಮುಂದಿದ್ದೂ ತತ್ಸಮಾನ ಪ್ರಮಾಣಪತ್ರಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆದು, ಅದು ಕೈಗೆ ಬರುವಷ್ಟರಲ್ಲಿ ಅಂತಿಮ ಪಟ್ಟಿ ಹೊರಬಿದ್ದಿತ್ತು. ಈಗ ಅವರು ಗುತ್ತಿಗೆ ಸಂಸ್ಥೆಯೊಂದರಲ್ಲಿ ಪರದೆಯ ಮೇಲೆ ಕಟ್ಟಡಗಳ ಅಂಚಿಗೆ ಗೆರೆ ಎಳೆಯುವ ಕೆಲಸ ಮಾಡುತ್ತಾರೆ. ಪಿಯುಸಿ ಮುಗಿಸಿದವರೂ ಕೆಲವು ವಾರದ ತರಬೇತಿಯಲ್ಲಿ ಕಲಿಯಬಹುದಾದ ಕೆಲಸವದು, ಸಂಬಳವೂ ಅದಕ್ಕೆ ತಕ್ಕಂತೆಯೇ. ಕೈಲಾದವರು ಡೆಹ್ರಾಡೂನಿನ ಭಾರತೀಯ ದೂರಸಂವೇದಿ ಸಂಸ್ಥೆಗೋ, ಚೆನ್ನೈಗೋ, ಹೈದರಾಬಾದಿಗೋ ಹೋಗುತ್ತಾರೆ. 2022ರಿಂದ ಎಂಜಿನಿಯರಿಂಗ್ ಸ್ನಾತಕೋತ್ತರ ಪ್ರವೇಶದ ಗೇಟ್ ಪರೀಕ್ಷೆಯಲ್ಲಿ ಜಿಯೋಮ್ಯಾಟಿಕ್ಸ್ ಎಂಜಿನಿಯರಿಂಗ್ ಎಂಬ ಪ್ರತ್ಯೇಕ ಪತ್ರಿಕೆಯೂ ಇರುವುದರಿಂದ ಎಂಜಿನಿಯರಿಂಗ್ ಮಕ್ಕಳಿಗೆ ಆ ದಾರಿ ಸ್ವಲ್ಪ ಸಲೀಸು. ಎರಡು ಎಕರೆ ಜಮೀನಿನ ಮನೆಯಿಂದ ಬಂದ ಹೆಣ್ಣುಮಗಳಿಗೆ ಮೈಸೂರೇ ದೂರ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆಗಳು ಇವು. ಎಲ್ಲಕ್ಕಿಂತ ಮುಖ್ಯವಾಗಿ, ರಾಜ್ಯದ ವಿಶ್ವವಿದ್ಯಾನಿಲಯಗಳ ಜಿಐಎಸ್ ಮತ್ತು ಭೂಗೋಳ ವಿಭಾಗಗಳಿಗೆ ಸರ್ವೆ ನಂಬರಿನ ಗಡಿ, ನೀರಾವರಿ ಜಾಲ, ಕೆರೆ, ರಾಜಕಾಲುವೆಗಳ ದತ್ತಾಂಶ ವ್ಯಾಸಂಗಕ್ಕಾಗಿ ಸಿಗುವಂತೆ ಕಂದಾಯ, ಜಲಸಂಪನ್ಮೂಲ ಇಲಾಖೆಗಳೊಂದಿಗೂ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರದೊಂದಿಗೂ ತಮ್ಮ ಇಲಾಖೆ ಲಿಖಿತ ಒಡಂಬಡಿಕೆ ಮಾಡಿಕೊಳ್ಳಬೇಕು. ಆ ಇಲಾಖೆಗಳು ತಮ್ಮ ಅಧೀನದಲ್ಲಿಲ್ಲ ಎಂಬುದು ನನಗೆ ತಿಳಿದಿದೆ. ಅದಕ್ಕಾಗಿಯೇ ವಿದ್ಯಾರ್ಥಿಯ ಕೈಯಲ್ಲಿ ಪತ್ರ ಕೊಟ್ಟು ಕಳಿಸುವ ಬದಲು ಸಚಿವರ ಮಟ್ಟದಲ್ಲಿ ಇತ್ಯರ್ಥವಾಗಬೇಕೆಂದು ಕೇಳುತ್ತಿದ್ದೇನೆ. ಯಾವುದು ಭದ್ರತೆಯ ವಿಷಯ, ಯಾವುದು ಅಲ್ಲ ಎಂಬುದನ್ನು ಆ ಒಡಂಬಡಿಕೆಯಲ್ಲಿಯೇ ಪಟ್ಟಿ ಮಾಡಿದರೆ ಕೆಳಹಂತದ ಸಿಬ್ಬಂದಿಗೂ ಹೆದರಿಕೆ ಇರುವುದಿಲ್ಲ. ಪಡೆದ ದತ್ತಾಂಶದಿಂದ ಬರೆದ ಪ್ರಬಂಧದ ಒಂದು ಪ್ರತಿ ಆಯಾ ಇಲಾಖೆಗೆ ಸಲ್ಲಿಕೆಯಾಗಬೇಕೆಂಬ ಷರತ್ತನ್ನೂ ಬೇಕಿದ್ದರೆ ಹಾಕಲಿ, ಹಾಕುವುದೇ ಒಳ್ಳೆಯದು.

ಭೂಗೋಳಶಾಸ್ತ್ರ ಓದಿದ ಬಿ.ಎ. ಪದವೀಧರರನ್ನು ಸೇತುಬಂಧ ತರಗತಿಯ ಷರತ್ತಿನೊಂದಿಗೆ ಈ ಕೋರ್ಸುಗಳಿಗೆ ಅರ್ಹರೆಂದು ಘೋಷಿಸಬೇಕು. ಬೇರೆ ಬೇರೆ ಹೆಸರಿನ ಈ ಪದವಿಗಳೆಲ್ಲ ತತ್ಸಮಾನವೆಂದು ಒಂದೇ ಆದೇಶದಲ್ಲಿ ತಿಳಿಸಿ, ಅದನ್ನು ನೇಮಕಾತಿ ಪ್ರಾಧಿಕಾರಗಳಿಗೆ ಕಳಿಸಬೇಕು. ಕುಲಪತಿಗಳಲ್ಲಿ ನನ್ನ ಮನವಿ ಇಷ್ಟೇ: ಅಧ್ಯಯನ ಮಂಡಳಿಯ ಮುಂದಿನ ಸಭೆಯಲ್ಲಿ ಪ್ರಾಯೋಗಿಕ ಪತ್ರಿಕೆಗಳನ್ನು ಮುಕ್ತ ತಂತ್ರಾಂಶಕ್ಕೆ ಬದಲಿಸುವ, ಪ್ರಬಂಧಕ್ಕೆ ಕ್ಷೇತ್ರ ಪರಿಶೀಲನೆಯನ್ನು ಕಡ್ಡಾಯ ಮಾಡುವ, ದೋಷ ಮತ್ತು ಅನಿಶ್ಚಿತತೆಯ ಬಗ್ಗೆ ಪ್ರತ್ಯೇಕ ಪತ್ರಿಕೆಯೊಂದನ್ನು ಸೇರಿಸುವ ವಿಷಯಗಳನ್ನು ಚರ್ಚೆಗೆ ತೆಗೆದುಕೊಳ್ಳಬೇಕು. ಕ್ಷೇತ್ರಕಾರ್ಯಕ್ಕೆ ಬೇಕಾಗುವುದು ಬಸ್ಸಿನ ಖರ್ಚು ಮತ್ತು ಒಂದೆರಡು ಜಿಪಿಎಸ್ ಉಪಕರಣಗಳು. ನವೀಕರಣವಾಗದ ಪರವಾನಗಿಗಳಿಗೆ ಹೋದ ಹಣಕ್ಕಿಂತ ಅದು ಕಡಿಮೆಯೇ ಆದೀತು.

ಮುಂದಿನ ಸಾಲಿನ ಪ್ರವೇಶ ಅಧಿಸೂಚನೆ ಹೊರಡುವ ಮೊದಲು ಈ ಭಾಗದ ಭೂಗೋಳ ಮತ್ತು ಜಿಐಎಸ್ ಅಧ್ಯಾಪಕರು, ಇಲಾಖೆಗಳ ಅಧಿಕಾರಿಗಳು ಹಾಗೂ ಕೋರ್ಸು ಮುಗಿಸಿದ ಕೆಲವು ವಿದ್ಯಾರ್ಥಿಗಳನ್ನು ಸೇರಿಸಿ ಮೈಸೂರಿನಲ್ಲಿಯೋ ಮಂಡ್ಯದಲ್ಲಿಯೋ ತಾವು ಒಂದು ಸಭೆ ಕರೆಯಬೇಕೆಂದು ವಿನಂತಿಸುತ್ತೇನೆ. ಮೇಲೆ ಹೇಳಿದ ಸಂಗತಿಗಳ ಬಗ್ಗೆ ನನ್ನ ಬಳಿಯಿರುವ ಪತ್ರವ್ಯವಹಾರದ ಪ್ರತಿಗಳನ್ನು ಆ ಸಭೆಗೆ ತರುತ್ತೇನೆ. ಆ ವಿದ್ಯಾರ್ಥಿನಿಯೂ ಬರಲು ಒಪ್ಪಿದ್ದಾಳೆ. ನಾಲೆಯ ನಕ್ಷೆ ಸಿಕ್ಕರೆ ಬಿಟ್ಟ ಕೆಲಸವನ್ನು ಮುಂದುವರಿಸುವುದಾಗಿ ಹೇಳಿದ್ದಾಳೆ.

ಇಂತಿ ತಮ್ಮ ವಿಶ್ವಾಸಿ,
ಭೂಗೋಳಶಾಸ್ತ್ರದ ಅತಿಥಿ ಉಪನ್ಯಾಸಕ,
ಮಂಡ್ಯ ಜಿಲ್ಲೆ